ಒಗ್ಗರಣೆ ಡಬ್ಬಿಯಲ್ಲಿ ಅಮ್ಮನ ಮಾತ್ರೆಗಳು

ಎರಡು ವರ್ಷ ದಿನವೂ ರಾತ್ರಿ ಬೆಂಗಳೂರಿನಿಂದ ಸಾಗರಕ್ಕೆ ಫೋನು ಮಾಡಿ, "ಮಾತ್ರೆ ತೆಗೆದುಕೊಂಡೆಯಾ ಅಮ್ಮ?" ಎಂದು ಕೇಳಿದೆ. ಎರಡು ವರ್ಷವೂ "ಹೂಂ" ಎಂಬ ಉತ್ತರ ಬಂತು. ಕಳೆದ ಮಳೆಗಾಲದಲ್ಲಿ ಊರಿಗೆ ಹೋದಾಗ ದೇವರ ಕೋಣೆಯ ಗೂಡಿನಲ್ಲಿದ್ದ ಸ್ಟ್ರಿಪ್‌ಗಳನ್ನು ಎಣಿಸಿದೆ. ಒಂದು ಮಾತ್ರೆ ಹದಿನಾಲ್ಕು ಉಳಿದಿತ್ತು, ಇನ್ನೊಂದು ಆಗಬೇಕಾದ್ದಕ್ಕಿಂತ ಬೇಗ ಮುಗಿದಿತ್ತು. ಅಮ್ಮ ಸುಳ್ಳು ಹೇಳಿರಲಿಲ್ಲ. ಏನನ್ನೋ ತೆಗೆದುಕೊಂಡಿದ್ದಳು, ಅಷ್ಟೇ.

ನೀವೂ ಎಣಿಕೆಯಿಂದಲೇ ಶುರು ಮಾಡಿ. ಔಷಧಿ ಅಂಗಡಿಯ ರಸೀದಿಯಲ್ಲಿ ತಾರೀಖು ಇರುತ್ತದೆ, ಎಷ್ಟು ಕೊಟ್ಟರು ಎಂಬುದೂ ಇರುತ್ತದೆ. ಉಳಿದದ್ದನ್ನು ಕಳೆದರೆ ಲೆಕ್ಕ ಸಿಗುತ್ತದೆ. ಇದನ್ನು ಹಿರಿಯರ ಎದುರು ಪೊಲೀಸರಂತೆ ಮಾಡಬೇಡಿ. ನಾನು ಮಾಡಿ, ಎರಡು ದಿನ ಮಾತಿಲ್ಲದೆ ಊಟ ಮಾಡಿದೆ.

ಬೇಗ ಮುಗಿದದ್ದು ರಕ್ತದೊತ್ತಡದ ಮಾತ್ರೆ. ಅದಕ್ಕೆ ಸ್ವಲ್ಪ ದಿನ ಮೊದಲು ಅಮ್ಮ ಜ್ವರಕ್ಕೆಂದು ಆಸ್ಪತ್ರೆ ಸೇರಿದ್ದಳು. ಬಿಡುಗಡೆಯ ಚೀಟಿಯಲ್ಲಿ ಬೇರೆ ಹೆಸರಿನ ಮಾತ್ರೆ ಬರೆದಿದ್ದರು. ಹಳೆಯದನ್ನು ಬಿಡಿ ಎಂದು ಯಾರೂ ಹೇಳಲಿಲ್ಲ. ಎರಡರಲ್ಲೂ ಇದ್ದದ್ದು ಟೆಲ್ಮಿಸಾರ್ಟಾನ್, 40 ಮಿಲಿಗ್ರಾಂ. ಐದು ದಿನ ಎರಡನ್ನೂ ನುಂಗಿದವಳು ತಲೆ ತಿರುಗಿ ತುಳಸಿಕಟ್ಟೆ ಹಿಡಿದು ಕುಳಿತುಬಿಟ್ಟಿದ್ದಳು. ಪಕ್ಕದ ಮನೆಯ ಭಾಗೀರಥಕ್ಕ ಅದನ್ನು ಪಿತ್ತ ಎಂದುಕೊಂಡು ನಿಂಬೆ ಪಾನಕ ಕೊಟ್ಟಿದ್ದರು. ಆದ್ದರಿಂದ ಆಸ್ಪತ್ರೆಯಿಂದ ಬಂದ ದಿನವೇ ಹಳೆಯ ಮತ್ತು ಹೊಸ ಮಾತ್ರೆಗಳನ್ನು ಒಂದೇ ಚೀಲದಲ್ಲಿ ಹಾಕಿಕೊಂಡು ವೈದ್ಯರಿಗೋ ಔಷಧಿ ಅಂಗಡಿಯವರಿಗೋ ತೋರಿಸಿ. ಸ್ಟ್ರಿಪ್ ಮೇಲೆ ಕಂಪನಿ ಇಟ್ಟ ಹೆಸರು ಒಂದು, ಒಳಗಿನ ಔಷಧದ ಹೆಸರು ಇನ್ನೊಂದು, ಅಕ್ಷರಗಳು ಇರುವೆಯಷ್ಟು. ಔಷಧದ ಹೆಸರನ್ನು ಓದಿ, ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದಿಡಿ. ಜನೌಷಧಿ ಕೇಂದ್ರಕ್ಕೆ ಬದಲಾಯಿಸಿದಾಗಲೂ ಹೆಸರು ಬದಲಾಗುವುದರಿಂದ ಇದೇ ಗೊಂದಲ ಕಾದಿರುತ್ತದೆ. ಅಂಗಡಿಯವರು ಸ್ಟ್ರಿಪ್ ಕತ್ತರಿಸಿ ಕೊಡುವುದಾದರೆ ಹೆಸರು ಮತ್ತು ಅವಧಿ ಮುಗಿಯುವ ತಾರೀಖು ಇರುವ ತುಂಡನ್ನೇ ಕೇಳಿ.

ಹದಿನಾಲ್ಕು ಉಳಿದದ್ದು ಮೂತ್ರ ಹೆಚ್ಚಿಸುವ ಮಾತ್ರೆ. ಇದನ್ನು ಮರೆವು ಎಂದೇ ನಾನು ತಿಳಿದಿದ್ದೆ. ಬಾಳೆಲೆ ಒರೆಸುತ್ತ ಅಮ್ಮ ತಾನಾಗಿ ಹೇಳಿದಳು: "ಮದುವೆಮನೆಗೆ ಹೋಗುವ ದಿನ ಅದನ್ನು ತಿಂದರೆ ಬಸ್ಸಿನಲ್ಲಿ ಏನು ಮಾಡಲಿ ಹೇಳು." ಮದುವೆ, ಉಪನಯನ, ಶ್ರಾದ್ಧ, ಸಂತೆ ಸೇರಿದರೆ ಹದಿನಾಲ್ಕು ದಿನ ಏನು ದೊಡ್ಡದು! ವೈದ್ಯರಿಗೆ ಹೇಳಿದಾಗ, ಹೊರಗೆ ಹೋಗುವ ದಿನ ಯಾವ ಹೊತ್ತಿಗೆ ತೆಗೆದುಕೊಳ್ಳಬಹುದೆಂದು ತಿಳಿಸಿದರು. ಹಿರಿಯರು ಒಂದೇ ಮಾತ್ರೆಯನ್ನು ಮತ್ತೆ ಮತ್ತೆ ಮರೆಯುತ್ತಿದ್ದರೆ ಅದು ಮರೆವಲ್ಲದಿರಬಹುದು. ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಹೊಟ್ಟೆ ಕೆಡಿಸುತ್ತದೆ, ದುಬಾರಿ ಎಂದು ಉಳಿಸುತ್ತಿದ್ದಾರೆ: ಕೇಳಿದರೆ ಹೇಳುತ್ತಾರೆ, ಗದರಿದರೆ ಹೇಳುವುದಿಲ್ಲ. ನುಂಗಲು ಕಷ್ಟವೆಂದು ಪುಡಿ ಮಾಡಿಕೊಡುವ ಮೊದಲು ಕೇಳಿಕೊಳ್ಳಿ. ಸಕ್ಕರೆ ಕಾಯಿಲೆಗೆ ಕೊಡುವ, ನಿಧಾನವಾಗಿ ಕರಗುವಂತೆ ಮಾಡಿದ ಮೆಟ್‌ಫಾರ್ಮಿನ್‌ನಂಥ ಮಾತ್ರೆಗಳನ್ನು ಪುಡಿ ಮಾಡಬಾರದು.

ಇನ್ನು ಹೊತ್ತಿನ ವಿಷಯ. ಮೊಬೈಲಿನಲ್ಲಿ ಅಲಾರಾಂ ಇಟ್ಟುಕೊಟ್ಟಿದ್ದೆ. ಅದು ಹೊಡೆದುಕೊಂಡಾಗ ಅಮ್ಮ ಹಿತ್ತಿಲಿನಲ್ಲಿ ಇರುತ್ತಿದ್ದಳು. ಗಡಿಯಾರ ಬಿಟ್ಟು ಅವಳ ದಿನಚರಿಗೇ ಮಾತ್ರೆಯನ್ನು ಕಟ್ಟಿದ ಮೇಲೆ ದಾರಿ ಸುಲಭವಾಯಿತು. ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ, ಕಾಫಿ ತಿಂಡಿಗೆ ಅರ್ಧದಿಂದ ಒಂದು ಗಂಟೆ ಮೊದಲು ತೆಗೆದುಕೊಳ್ಳಬೇಕು. ಅಮ್ಮನಿಗೆ ಎದ್ದ ತಕ್ಷಣ ಕಾಫಿ ಬೇಕು. ಆದರೆ ಕಾಫಿಗೂ ಮೊದಲು ಬಚ್ಚಲ ಒಲೆಗೆ ಬೆಂಕಿ ಹಾಕುತ್ತಾಳೆ, ಹಾಲು ಕರೆಸಿಕೊಂಡು ಬರುತ್ತಾಳೆ. ಆ ಅರ್ಧ ಗಂಟೆ ಸಿಕ್ಕಿತು. ಈಗ ಥೈರಾಯ್ಡ್ ಶೀಶೆ ಇರುವುದು ಬಚ್ಚಲ ಹೊರಗಿನ ಕಿಟಕಿಯ ದಂಡೆಯಲ್ಲಿ, ಬೆಂಕಿಪೊಟ್ಟಣದ ಪಕ್ಕ, ಒಲೆಯ ಬಿಸಿ ಮತ್ತು ಹಬೆ ತಾಗದಷ್ಟು ದೂರ. ಕ್ಯಾಲ್ಸಿಯಂ ಮಾತ್ರೆ ಇದಕ್ಕೆ 4 ಗಂಟೆಯಾದರೂ ದೂರ ಇರಬೇಕಾದ್ದರಿಂದ ಮಧ್ಯಾಹ್ನದ ಊಟಕ್ಕೆ ಹೋಯಿತು. ಸಕ್ಕರೆ ಕಾಯಿಲೆಯ ಮಾತ್ರೆ ತಿಂಡಿಗೆ ಮತ್ತು ರಾತ್ರಿ ಊಟಕ್ಕೆ. ಕೊಲೆಸ್ಟ್ರಾಲ್‌ಗೆಂದು ಮಲಗುವಾಗ ತಿನ್ನುತ್ತಿದ್ದ ಅಟೋರ್ವಾಸ್ಟಾಟಿನ್ ಅನ್ನು ರಾತ್ರಿ ಊಟದ ಜೊತೆಗೇ ಸೇರಿಸಬಹುದೇ ಎಂದು ಕೇಳಿದಾಗ ವೈದ್ಯರು ಆಗಬಹುದು ಎಂದರು. ಹೀಗೆ ಐದು ಹೊತ್ತು ನಾಲ್ಕಾಯಿತು. ಕೇಳುವವರೆಗೆ ಯಾರೂ ಕಡಿಮೆ ಮಾಡುವುದಿಲ್ಲ.

ಡಬ್ಬಿಯ ಕಥೆ ಇದು. ನಾನು ತಂದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ವಾರಗಳು ಇಂಗ್ಲಿಷ್ ಅಕ್ಷರದಲ್ಲಿದ್ದವು. ಮುಚ್ಚಳ ತೆಗೆಯಲು ಅವಳ ಗಂಟು ಬೆರಳಿಗೆ ಆಗಲಿಲ್ಲ. ಅದರಲ್ಲಿ ಈಗ ಗುಂಡಿಗಳಿವೆ. ಅಟ್ಟದಿಂದ ಎರಡು ಹಳೆಯ ಸ್ಟೀಲು ಒಗ್ಗರಣೆ ಡಬ್ಬಿ ಇಳಿಸಿಕೊಂಡೆವು. ಒಂದೊಂದರಲ್ಲಿ ಏಳು ಬಟ್ಟಲು, ವಾರಕ್ಕೆ ಏಳು ದಿನ. ನಡುವಿನದು ಭಾನುವಾರ, ಸುತ್ತಲಿನವು ಪ್ರದಕ್ಷಿಣೆಯಾಗಿ ಸೋಮದಿಂದ ಶನಿ. ಬಟ್ಟಲಿಗೆ ವಾರದ ಹೆಸರಿನ ಚೀಟಿ ಅಂಟಿಸಿದ್ದೇನೆ. ಒಂದು ಡಬ್ಬಿ ತಿಂಡಿಯದು, ಇನ್ನೊಂದು ರಾತ್ರಿಯದು. ರಾತ್ರಿಯದರ ಮುಚ್ಚಳದ ಮೇಲೆ ಚಂದ್ರ. ಮಲೆನಾಡಿನ ತೇವಕ್ಕೆ ಹೆಚ್ಚು ದಿನದ್ದನ್ನು ಬಿಡಿಸಿಡುವುದು ಬೇಡ, ಒಂದು ವಾರದ್ದು ಮಾತ್ರ. ಬಿಡಿಸಿಡಬಾರದ ಮಾತ್ರೆ ಯಾವುದೆಂದು ಅಂಗಡಿಯಲ್ಲಿ ಕೇಳಿ, ಅದನ್ನು ಸ್ಟ್ರಿಪ್‌ನಲ್ಲೇ ಉಳಿಸಿ. ಮೊಮ್ಮಕ್ಕಳು ಬಂದಾಗ ಡಬ್ಬಿ ಮೇಲಿನ ಗೂಡಿಗೆ ಹೋಗಬೇಕು, ಅದಕ್ಕೆ ರಿಯಾಯಿತಿ ಇಲ್ಲ.

ತುಂಬುವವಳು ಅಮ್ಮನೇ. ಭಾನುವಾರ ಮಧ್ಯಾಹ್ನ ವಿಡಿಯೊ ಕರೆಯಲ್ಲಿ ನಾನು ನೋಡುತ್ತೇನೆ. ವಾರಕ್ಕೊಮ್ಮೆ ತೆಗೆದುಕೊಳ್ಳುವ 60,000 ಯೂನಿಟ್‌ನ ವಿಟಮಿನ್ ಡಿ ಅನ್ನು ಡಬ್ಬಿಗೆ ಹಾಕುವುದಿಲ್ಲ. ಅದು ನೋಡಲು ದಿನದ ಮಾತ್ರೆಯಂತೆಯೇ ಇದ್ದು, ದಿನವೂ ನುಂಗುವ ಅಪಾಯವಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ಆ ವಾರದ ಚೌಕಕ್ಕೆ ಅರಿಶಿನದ ಬೊಟ್ಟು ಇಟ್ಟು, ತೆಗೆದುಕೊಂಡ ಮೇಲೆ ಕುಂಕುಮ ಹಚ್ಚುತ್ತಾಳೆ.

ತಪ್ಪಿದರೆ ಏನು ಮಾಡಬೇಕೆಂದು ಪ್ರತಿ ಮಾತ್ರೆಗೂ ಮೊದಲೇ ವೈದ್ಯರಿಂದ ಬರೆಸಿಕೊಳ್ಳಿ. ನಿನ್ನೆಯದನ್ನೂ ಸೇರಿಸಿ ಎರಡು ನುಂಗುವುದು ಮಾತ್ರ ಬೇಡ. ಏಕಾದಶಿಯ ಬಗ್ಗೆಯೂ ಕೇಳಿ: ಸಕ್ಕರೆ ಕಾಯಿಲೆಗೆ ಕೊಡುವ ಗ್ಲಿಮೆಪಿರೈಡ್‌ನಂಥ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಂಡು ಉಪವಾಸ ಕುಳಿತರೆ ಸಕ್ಕರೆ ಇಳಿದು ಬೆವರು, ನಡುಕ, ಮಂಕು ಬರಬಹುದು. ಮೊದಲೆಲ್ಲ ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಿದ್ದವರು ಹಠಾತ್ತನೆ ಎಲ್ಲವನ್ನೂ ಮರೆಯತೊಡಗಿದರೆ ಡಬ್ಬಿ ಬದಲಿಸುತ್ತ ಕೂರಬೇಡಿ, ವೈದ್ಯರ ಬಳಿ ಕರೆದೊಯ್ಯಿರಿ.

ರಾತ್ರಿ ಫೋನಿನಲ್ಲಿ ಈಗ ನನ್ನ ಪ್ರಶ್ನೆ ಬೇರೆ. "ಚಂದ್ರನ ಡಬ್ಬಿಯಲ್ಲಿ ಇವತ್ತಿನ ಬಟ್ಟಲು ಹೇಗಿದೆ?" ಎನ್ನುತ್ತೇನೆ. ಇದಕ್ಕೆ "ಹೂಂ" ಎಂದು ಉತ್ತರಿಸಲು ಬರುವುದಿಲ್ಲ. ಅಮ್ಮ ಎದ್ದು ಹೋಗಿ ನೋಡುತ್ತಾಳೆ. ಸ್ಟೀಲು ಮುಚ್ಚಳದ ಸದ್ದು ನನಗೂ ಕೇಳುತ್ತದೆ. ಮೊನ್ನೆ ಗುರುವಾರ ಹೋಗಿ ಬಂದವಳು, "ಒಂದು ಉಳಿದಿದೆ, ಒಂದು ನಿಮಿಷ ತಡಿ," ಎಂದು ಫೋನು ಕೆಳಗಿಟ್ಟು ನೀರು ತರಲು ಹೋದಳು.