ಅವ್ವನ ಥೈರಾಯ್ಡ್ ರಿಪೋರ್ಟ್ ಬಂತು, ಮುಂದೇನು?

ಬಾಗಲಕೋಟೆಯ ನವನಗರದಲ್ಲೋ, ಹಳ್ಳಿಯ ಆರೋಗ್ಯ ಶಿಬಿರದಲ್ಲೋ 72ರ ಅವ್ವನ ರಕ್ತ ಪರೀಕ್ಷೆ ಮಾಡಿಸಿದ್ದೀರಿ ಅಂದುಕೊಳ್ಳಿ. ಟಿಎಸ್‌ಎಚ್ 5.8 ಬಂದಿದೆ, ಪಕ್ಕದಲ್ಲೇ ದಪ್ಪ ಅಕ್ಷರದಲ್ಲಿ 'ಹೈ'. ಮನೆಮಂದಿಗೆಲ್ಲ ಗಾಬರಿ. ಸ್ವಲ್ಪ ತಡೀರಿ.

ಮೊದಲು ವಯಸ್ಸು ನೋಡಿ. ಲ್ಯಾಬಿನವರು ಸಾಮಾನ್ಯವಾಗಿ ಸುಮಾರು 0.4ರಿಂದ 4 ಎಂದು ಒಂದೇ ಮಿತಿ ಹಾಕಿರುತ್ತಾರೆ, ಮೂವತ್ತರ ಮಗಳಿಗೂ ಅದೇ, ಅಜ್ಜಿಗೂ ಅದೇ. ವಯಸ್ಸಾದಂತೆ ಟಿಎಸ್‌ಎಚ್ ತಾನಾಗೇ ಒಂದಿಷ್ಟು ಏರುತ್ತದೆ. 80 ದಾಟಿದ, ಗಟ್ಟಿಮುಟ್ಟಾಗಿರುವವರಲ್ಲೂ 6–7 ಕಾಣುವುದುಂಟು.

ಆಮೇಲೆ ಫ್ರೀ ಟಿ4 ನೋಡಿ. ಟಿಎಸ್‌ಎಚ್ ಅಂದರೆ ಥೈರಾಯ್ಡಿಗೆ 'ಕೆಲಸ ಮಾಡು' ಅಂತ ಮೆದುಳಿನ ಬುಡದಿಂದ ಬರುವ ತಾಕೀತು ಅಷ್ಟೇ. ಗ್ರಂಥಿ ನಿಜವಾಗಿ ಎಷ್ಟು ಹಾರ್ಮೋನ್ ಕೊಡುತ್ತಿದೆ ಅನ್ನೋದು ಟಿ4ನಲ್ಲಿ ಗೊತ್ತಾಗುತ್ತದೆ. ಅದು ಸರಿ ಇದ್ದರೆ ಎರಡು-ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ, ಎಷ್ಟೋ ಜನರಲ್ಲಿ ತಾನಾಗೇ ಇಳಿದಿರುತ್ತದೆ. ಇಂಥ 65 ದಾಟಿದವರಿಗೆ ಥೈರಾಯ್ಡ್ ಹಾರ್ಮೋನಿನ ಗುಳಿಗೆ ಕೊಟ್ಟು ನೋಡಿದ ದೊಡ್ಡ ಅಧ್ಯಯನವೊಂದು 2017ರಲ್ಲಿ ಬಂತು. ಸುಸ್ತು ಕಡಿಮೆ ಆಗಲಿಲ್ಲ, ಔಷಧಿಯೇ ಇಲ್ಲದ ಹುಸಿ ಗುಳಿಗೆ ನುಂಗಿದವರಿಗೂ ಇವರಿಗೂ ವ್ಯತ್ಯಾಸವೇ ಕಾಣಲಿಲ್ಲ.

ಟಿಎಸ್‌ಎಚ್ 10 ದಾಟಿದರೆ, ಅಥವಾ ಟಿ4 ಕುಸಿದಿದ್ದರೆ, ಮಾತು ಬೇರೆ. ಹಾರ್ಮೋನ್ ನಿಜಕ್ಕೂ ಕಡಿಮೆಯಾದಾಗ ಲಿವರ್ ಕೆಟ್ಟ ಕೊಲೆಸ್ಟ್ರಾಲನ್ನು ರಕ್ತದಿಂದ ಸರಿಯಾಗಿ ಎಳೆದುಕೊಳ್ಳುವುದಿಲ್ಲ, ಮಲಬದ್ಧತೆ, ಚಳಿ, ಮುಖ ಊತ ಶುರುವಾಗುತ್ತದೆ. ತೂಕವೂ ಏರುತ್ತದೆ, ಆದರೆ ಕೆಲವೇ ಕಿಲೋ, ಅದರಲ್ಲೂ ಜಾಸ್ತಿ ಪಾಲು ಉಪ್ಪು-ನೀರು. ಹಾಗಾಗಿ ತೂಕ ಇಳಿಸಲು ಪಕ್ಕದ ಮನೆಯವರ ಗುಳಿಗೆ ಸುಮ್ನೆ ನುಂಗಬೇಡಿ. ಡೋಸ್ ಜಾಸ್ತಿಯಾದರೆ ವಯಸ್ಸಾದವರಿಗೆ ಎದೆಬಡಿತ ತಾಳ ತಪ್ಪುತ್ತದೆ, ಮೂಳೆ ಸವೆಯುತ್ತದೆ.

ಡಾಕ್ಟರು ಗುಳಿಗೆ ಬರೆದುಕೊಟ್ಟರೆ ಎದ್ದ ತಕ್ಷಣ ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ. ನಮ್ಮ ಕಡೆ ಕಷ್ಟ ಇರೋದೇ ಇಲ್ಲಿ, ಕಣ್ಣು ಬಿಟ್ಟರೆ ಚಾ ಬೇಕು ಅಲ್ವಾ? ಅರ್ಧದಿಂದ ಒಂದು ತಾಸು ಕಾಯಲೇಬೇಕು. ಆಗಲ್ಲ ಅನ್ನುವವರು ಡಾಕ್ಟರನ್ನು ಕೇಳಿ ರಾತ್ರಿ ರೊಟ್ಟಿ ಉಂಡು ಮೂರು ತಾಸಾದ ಮೇಲೆ ತಗೊಳ್ಳಬಹುದು. ಕ್ಯಾಲ್ಸಿಯಂ, ಐರನ್ ಗುಳಿಗೆ ಇದ್ದರೆ ನಾಲ್ಕು ತಾಸಿನ ಅಂತರ ಇರಲಿ.

ಡೋಸ್ ಬದಲಾದರೆ 6–8 ವಾರ ಬಿಟ್ಟು ಪರೀಕ್ಷೆ. ಕೂದಲಿಗೆ ಅಂತ ಬಯೋಟಿನ್ ಅನ್ನೋ ವಿಟಮಿನ್ ತಗೊಳ್ಳುತ್ತಿದ್ದರೆ ರಕ್ತ ಕೊಡುವ ಎರಡು ದಿನ ಮೊದಲೇ ನಿಲ್ಲಿಸಿ, ಇಲ್ಲದಿದ್ದರೆ ರಿಪೋರ್ಟೇ ತಪ್ಪು ಬರಬಹುದು.