ಕಿಟಕಿಯ ಬ್ಲೈಂಡ್ಸ್ ಕ್ಲೀನ್ ಮಾಡುವುದು: ಮೊದಲು ಒಣ ಕೆಲಸ, ಆಮೇಲೆ ನೀರು

ಬ್ಲೈಂಡ್ಸ್ ಮೇಲೆ ಧೂಳು ಕಂಡ ಕೂಡಲೇ ಒದ್ದೆ ಬಟ್ಟೆ ಹಿಡಿದು ಒರೆಸಲು ಹೋಗಬೇಡಿ. ಒಣ ಧೂಳಿಗೆ ನೀರು ತಾಗಿದರೆ ಕೆಸರಾಗುತ್ತದೆ. ಅಲ್ಯೂಮಿನಿಯಂ ಪಟ್ಟಿಗಳ ಮೇಲಾದರೆ ಅದು ಗೆರೆಗೆರೆಯಾಗಿ ಒಣಗುತ್ತದೆ. ಮೇಲಕ್ಕೆ ಸುತ್ತಿಕೊಳ್ಳುವ ರೋಲರ್ ಬ್ಲೈಂಡ್‌ನ ಬಟ್ಟೆಯಲ್ಲಾದರೆ ನೇಯ್ಗೆಯೊಳಗೆ ಇಳಿದು ಕಲೆಯಾಗಿ ಕೂತುಬಿಡುತ್ತದೆ. ಧೂಳನ್ನು ಒಣಗಿದ್ದಾಗಲೇ ತೆಗೆಯಬೇಕು. ನೀರು ಬೇಕಾದರೆ ಮಾತ್ರ, ಅದೂ ಆಮೇಲೆ.

ಮೈಕ್ರೋಫೈಬರ್ ಬಟ್ಟೆ ಎರಡು ಮೂರು, ಎರಡಿಂಚಿನ ಹೊಸ ಪೇಂಟ್ ಬ್ರಷ್ ಒಂದು, ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಅದರ ಬ್ರಷ್ ಮೂತಿ ಇಷ್ಟು ಸಾಕು. ಫ್ಯಾನ್ ಆಫ್ ಮಾಡಿ, ಕೆಳಗೆ ಹಳೆ ಬೆಡ್‌ಶೀಟ್ ಹಾಸಿ. ಬ್ಲೈಂಡ್ ಯಾವುದೇ ಇರಲಿ, ಕೈ ಹಚ್ಚಬೇಕಾದ್ದು ಮೇಲಿನ ಪೆಟ್ಟಿಗೆಯಿಂದ. ಹೆಚ್ಚಿನವರು ಅದನ್ನು ಮುಟ್ಟುವುದೇ ಇಲ್ಲ. ಪ್ರತಿ ಸಲ ಚೈನು ಎಳೆದಾಗ ಅಲ್ಲಿನ ಧೂಳು ಕೆಳಗೆ ಉದುರಿ, ಮಾಡಿದ ಕೆಲಸವೆಲ್ಲ ನಾಲ್ಕೇ ದಿನದಲ್ಲಿ ವ್ಯರ್ಥವಾಗುತ್ತದೆ.

ಅಲ್ಯೂಮಿನಿಯಂ ಪಟ್ಟಿಯ ಬ್ಲೈಂಡ್ಸ್

ಪೂರ್ತಿ ಕೆಳಗಿಳಿಸಿ, ಪಕ್ಕದಲ್ಲಿ ಇಳಿಬಿದ್ದಿರುವ ಕೋಲು ತಿರುಗಿಸಿ ಪಟ್ಟಿಗಳನ್ನು ಒಂದು ಕಡೆಗೆ ಮುಕ್ಕಾಲು ಭಾಗ ಮುಚ್ಚಿ. ಪೂರ್ತಿ ಮುಚ್ಚಿದರೆ ಒಂದರ ಅಂಚು ಇನ್ನೊಂದರ ಕೆಳಗೆ ಅಡಗಿ ಅಲ್ಲಿನ ಧೂಳು ಉಳಿದುಬಿಡುತ್ತದೆ. ಮೇಲಿಂದ ಕೆಳಕ್ಕೆ ಒಂದೊಂದೇ ಪಟ್ಟಿಯನ್ನು ಉದ್ದಕ್ಕೆ ಒರೆಸುತ್ತಾ ಬನ್ನಿ, ನಂತರ ಕೋಲನ್ನು ಆ ಕಡೆಗೆ ತಿರುಗಿಸಿ ಇನ್ನೊಂದು ಮೈ ಒರೆಸಿ. ಒರೆಸುವಾಗ ಇನ್ನೊಂದು ಕೈ ಪಟ್ಟಿಯ ಹಿಂದೆ ಆಸರೆಯಾಗಿರಲಿ. 25 ಮಿ.ಮೀ. ಅಗಲದ ಪಟ್ಟಿ ಬಹಳ ತೆಳು. ಒಮ್ಮೆ ಮಡಿಚಿಕೊಂಡರೆ ಎಷ್ಟು ನೇರ ಮಾಡಿದರೂ ಆ ಗುರುತು ಹೋಗುವುದಿಲ್ಲ. ದಾರಗಳು ಹಾದುಹೋಗುವ ಜಾಗಕ್ಕೆ ಬಟ್ಟೆ ಬೇಡ, ಪೇಂಟ್ ಬ್ರಷ್ ಆಡಿಸಿ.

ಅಡುಗೆಮನೆಯ ಕಿಟಕಿಯದೇ ಬೇರೆ ಪಾಡು. ಒಗ್ಗರಣೆಯ ಹೊಗೆ, ಕರಿಯುವಾಗ ಏಳುವ ಎಣ್ಣೆಯ ಆವಿ ಪಟ್ಟಿಯ ಮೇಲೆ ಕೂತು, ಅದರ ಮೇಲೆ ಧೂಳು ಅಂಟಿ, ಮುಟ್ಟಿದರೆ ಕೈಗೆ ಹತ್ತುವಂಥ ಕಂದು ಜಿಡ್ಡಾಗುತ್ತದೆ. ಇದಕ್ಕೆ ಒಂದು ಲೀಟರ್ ಬೆಚ್ಚಗಿನ ನೀರಿಗೆ ಒಂದು ಟೀ ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಹೆಚ್ಚು ಹಾಕಿದರೆ ಸೋಪಿನ ಅಂಶ ಉಳಿದು ಮತ್ತೆ ಧೂಳನ್ನೇ ಹಿಡಿದಿಡುತ್ತದೆ. ಬಟ್ಟೆಯನ್ನು ಅದ್ದಿ ಗಟ್ಟಿಯಾಗಿ ಹಿಂಡಿ ಪಟ್ಟಿಗೆ ಸವರಿ, ಎರಡು ಮೂರು ನಿಮಿಷ ಬಿಟ್ಟು ಒರೆಸಿ. ನಂತರ ಬರೀ ನೀರಿನ ಬಟ್ಟೆ, ಕೊನೆಗೆ ಒಣ ಬಟ್ಟೆ. ಬೋರ್‌ವೆಲ್‌ನ ಗಡಸು ನೀರು ಬರುವ ಮನೆಗಳಲ್ಲಿ ಈ ಕೊನೆಯ ಒರೆತ ಬಿಟ್ಟರೆ ಬಿಳಿ ಚುಕ್ಕೆಗಳು ಉಳಿಯುತ್ತವೆ. ವಾಷಿಂಗ್ ಸೋಡಾ ಬೇಡವೇ ಬೇಡ, ಅದರ ಕ್ಷಾರ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಸ್ಟೀಲ್ ನಾರಿನಿಂದ ಉಜ್ಜಿದರೆ ಬಣ್ಣ ಕಿತ್ತುಬರುತ್ತದೆ.

ಮರದ ಪಟ್ಟಿಗಳಾಗಿದ್ದರೆ ಒಣ ಬಟ್ಟೆಯಲ್ಲೇ ಮುಗಿಸಿ. ನೀರು ಕುಡಿದ ಮರ ಉಬ್ಬಿ ಬಾಗುತ್ತದೆ.

ರೋಲರ್ ಬ್ಲೈಂಡ್ಸ್

ಇದರಲ್ಲಿ ತಪ್ಪಾಗುವುದು ಒರೆಸುವಾಗಿನದಕ್ಕಿಂತ ಒರೆಸಿದ ಮೇಲೆ. ಪಸೆ ಆರುವ ಮೊದಲೇ ಮೇಲಕ್ಕೆ ಸುತ್ತಿಟ್ಟರೆ ಒಳಗೆ ಗಾಳಿಯಾಡದೆ ಕಪ್ಪು ಬೂಷ್ಟು ಹಿಡಿಯುತ್ತದೆ. ಬೆಳಕು ಪೂರ್ತಿ ತಡೆಯುವ ಬ್ಲ್ಯಾಕ್‌ಔಟ್ ಬಟ್ಟೆಯ ಹಿಂಬದಿಯ ಲೇಪನ ಒಂದಕ್ಕೊಂದು ಅಂಟಿ, ಬಿಚ್ಚುವಾಗ ಸುಲಿದುಬರಲೂಬಹುದು. ಒದ್ದೆ ಮಾಡಿದ ಮೇಲೆ ಇಡೀ ದಿನ ಇಳಿಬಿಟ್ಟೇ ಇರಲಿ. ಮಳೆಗಾಲದಲ್ಲಿ ಈ ಕೆಲಸ ಕೈಗೆತ್ತಿಕೊಳ್ಳದಿರುವುದೇ ಲೇಸು.

ಧೂಳಿಗೆ ವ್ಯಾಕ್ಯೂಮನ್ನು ಕಡಿಮೆ ಜೋರಿನಲ್ಲಿಟ್ಟು ಮೇಲಿಂದ ಕೆಳಕ್ಕೆ ಎಳೆಯಿರಿ. ಕಲೆ ಬಿದ್ದಿದ್ದರೆ ಅದೇ ತೆಳುವಾದ ಸೋಪು ನೀರಿನಲ್ಲಿ ಬಿಳಿ ಬಟ್ಟೆ ಅದ್ದಿ, ಹಿಂಡಿ, ಕಲೆಯ ಅಂಚಿನಿಂದ ಒಳಕ್ಕೆ ಒತ್ತುತ್ತಾ ಹೋಗಿ. ಬಣ್ಣದ ಬಟ್ಟೆ ಬಣ್ಣ ಬಿಡುತ್ತದೆ. ಉಜ್ಜಿದರೆ ಕಲೆ ಹರಡುತ್ತದೆ. ಲೇಪನವಿರುವ ಬಟ್ಟೆಯನ್ನು ಮಡಚಬೇಡಿ, ವಾಷಿಂಗ್ ಮೆಷಿನ್‌ಗೂ ಹಾಕಬೇಡಿ. ಮಡಿಕೆ ಬಿದ್ದ ಕಡೆ ಲೇಪನ ಬಿರಿದು ಸೂಜಿಮೊನೆಯಷ್ಟು ಬೆಳಕು ತೂರುವ ತೂತುಗಳಾಗುತ್ತವೆ.

ಸುತ್ತುವಾಗ ಬಟ್ಟೆ ಒಂದು ಪಕ್ಕಕ್ಕೆ ಜರುಗಿ ಅಂಚು ಸವೆಯುತ್ತಿದ್ದರೆ, ಮೊದಲು ರಸಮಟ್ಟ ಇಟ್ಟು ಎರಡೂ ಬ್ರ್ಯಾಕೆಟ್ ಸಮವಾಗಿವೆಯೇ ನೋಡಿ. ಸಮವಾಗಿದ್ದರೂ ಬಟ್ಟೆ ಎಡಕ್ಕೆ ಹೋಗುತ್ತಿದೆ ಅಂದರೆ, ಅದನ್ನು ಪೂರ್ತಿ ಇಳಿಸಿ, ಬಟ್ಟೆ ಸುತ್ತಿಕೊಳ್ಳುವ ಕೊಳವೆ ಕಾಣಿಸಿದಾಗ ಅದರ ಬಲತುದಿಗೆ ಒಂದು ಸುತ್ತು ಮಾಸ್ಕಿಂಗ್ ಟೇಪ್ ಹಚ್ಚಿ. ಆ ತುದಿ ಕೂದಲೆಳೆಯಷ್ಟು ದಪ್ಪವಾದರೂ ಬಟ್ಟೆ ಅತ್ತ ಸರಿಯುತ್ತದೆ. ಸಾಲದಿದ್ದರೆ ಇನ್ನೊಂದು ಸುತ್ತು.

ತೆಳು ಮತ್ತು ದಪ್ಪ ಪಟ್ಟೆಗಳು ಒಂದಾದ ಮೇಲೊಂದು ಬರುವ ಜೀಬ್ರಾ ಬ್ಲೈಂಡ್‌ನಲ್ಲಿ ಬಟ್ಟೆಯ ಎರಡು ಪದರಗಳ ನಡುವೆ ಧೂಳು ಸೇರಿಕೊಳ್ಳುತ್ತದೆ; ಹೇರ್ ಡ್ರೈಯರನ್ನು ತಣ್ಣನೆ ಗಾಳಿಗೆ ಇಟ್ಟು ಪಕ್ಕದಿಂದ ಊದಿದರೆ ಹೊರಬರುತ್ತದೆ. ಉಳಿದದ್ದೆಲ್ಲ ರೋಲರ್‌ನ ಹಾಗೆಯೇ.

ಬಿದಿರಿನ ಪರದೆ

ಕರಾವಳಿ, ಮಲೆನಾಡಿನ ಜಗಲಿಗಳಲ್ಲಿ ಬಿಸಿಲಿಗೂ ಇರಚಲಿಗೂ ಇದೇ ಆಸರೆ. ಮಳೆಗಾಲ ಕಳೆಯುವಷ್ಟರಲ್ಲಿ ಇದರ ಮೇಲೆ ಬೂದು ಬಣ್ಣದ ಬೂಷ್ಟು ಬಂದಿರುತ್ತದೆ. ಮನೆಯೊಳಗೆ ಕೊಡವಬೇಡಿ. ಹೊರಗೊಯ್ದು, ಮೂಗು ಬಾಯಿಗೆ ಮಾಸ್ಕ್ ಹಾಕಿಕೊಂಡು, ಕಡ್ಡಿಗಳ ಉದ್ದಕ್ಕೇ ಬ್ರಷ್ ಎಳೆಯಿರಿ. ನಂತರ ಬಿಳಿ ವಿನೆಗರ್ ಮತ್ತು ನೀರನ್ನು ಸಮಸಮ ಬೆರೆಸಿ, ಹಿಂಡಿದ ಬಟ್ಟೆಯಿಂದ ಒರೆಸಿ, ಚೆನ್ನಾಗಿ ಬಿಸಿಲಿಗೆ ಒಣಗಿಸಿ. ಪೈಪ್ ಹಿಡಿದು ತೊಳೆದರೆ ಬಿದಿರು ತಡೆದರೂ ಕಡ್ಡಿಗಳನ್ನು ಹೆಣೆದ ಹತ್ತಿಯ ದಾರ ಕೊಳೆತು ಹೋಗುತ್ತದೆ.

ಕೆಳಗೆ ನೆಲದ ಮೇಲೆ ಹಿಟ್ಟಿನಂಥ ನುಣುಪಾದ ಪುಡಿ, ಕಡ್ಡಿಯಲ್ಲಿ ಸಣ್ಣ ತೂತು ಕಂಡರೆ ಅದು ಕುಟ್ಟೆ ಹುಳುವಿನ ಕೆಲಸ. ಅಂಥ ಪರದೆಯನ್ನು ಕೂಡಲೇ ಮನೆಯಿಂದ ಹೊರಗೆ ಹಾಕಿ, ಬೇರೆ ಬಿದಿರಿನ ಸಾಮಾನಿಗೂ ಹತ್ತೀತು. ಹೊಸದು ಕೊಳ್ಳುವಾಗ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್‌ನಲ್ಲಿ ಸಂಸ್ಕರಿಸಿದ ಬಿದಿರೇ ಎಂದು ಕೇಳಿ ನೋಡಿ.

ಚೈನು ಮತ್ತು ದಾರ

ಚೈನು ಬಿಗಿಯಾಯಿತೆಂದು ಕೊಬ್ಬರಿ ಎಣ್ಣೆ ಬಿಡುವುದುಂಟು. ಒಂದು ವಾರ ಸಲೀಸಾಗಿ ಓಡಿ, ಆಮೇಲೆ ಧೂಳು ಸೇರಿ ಮೊದಲಿಗಿಂತ ಗಟ್ಟಿಯಾಗುತ್ತದೆ. ಒಣ ಬ್ರಷ್‌ನಿಂದ ಗಾಲಿಯ ಸುತ್ತ ತೆಗೆದು, ಸಿಲಿಕೋನ್ ಸ್ಪ್ರೇಯನ್ನು ಬಟ್ಟೆಗೆ ತಾಗದಂತೆ ಸ್ವಲ್ಪವೇ ಹೊಡೆಯಿರಿ.

ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇಳಿಬಿದ್ದ ಚೈನಿನ ಕುಣಿಕೆ ಕುತ್ತಿಗೆಗೆ ಸಿಕ್ಕಿಕೊಳ್ಳುವ ಅಪಾಯ ನಿಜವಾದದ್ದು. ಕ್ಲೀನ್ ಮಾಡಿದ ದಿನವೇ ಗೋಡೆಗೆ ಕ್ಲಿಪ್ ಬಡಿದು ಚೈನನ್ನು ಬಿಗಿಯಾಗಿ ಹಿಡಿದಿಡಿ, ದಾರವಾದರೆ ನೆಲದಿಂದ ಒಂದೂವರೆ ಮೀಟರ್‌ಗಿಂತ ಮೇಲೆ ಸುತ್ತಿಡಿ. ಆ ಕಿಟಕಿಯ ಕೆಳಗೆ ಮಂಚ, ಕುರ್ಚಿ ಇದ್ದರೆ ಬೇರೆ ಕಡೆಗೆ ಸರಿಸಿ.