ಬೀಕರ್ ಒಡೆಯೋದು ಕೊನೆಗೂ ನಿಲ್ತು: ನನ್ನ ಅನುಭವ

ನಮ್ಮ ಲ್ಯಾಬಲ್ಲಿ ಒಂದು ಕಾಲಕ್ಕೆ ತಿಂಗಳಿಗೆ ಹತ್ತು ಹನ್ನೆರಡು ಬೀಕರ್ ಒಡೀತಿತ್ತು, ಈಗ ಇಡೀ ವರ್ಷಕ್ಕೆ ಆರೋ ಏಳೋ ಅಷ್ಟೆ. ಗ್ಲಾಸ್‌ವೇರ್‌ಗೆ ಅಂತ ಸಿಗೋ ದುಡ್ಡಲ್ಲಿ ಅರ್ಧಕ್ಕಿಂತ ಜಾಸ್ತಿ ಬರೀ ಬೀಕರ್‌ಗೇ ಸುರೀತಿದ್ವಿ. ಇದನ್ನ ನಿಲ್ಲಿಸ್ತೀನಿ ಅಂದಾಗ ಸೀನಿಯರ್‌ಗಳು "ಗಾಜು ಅಂದ್ಮೇಲೆ ಒಡೀದೆ ಇರುತ್ತೇನಪ್ಪಾ" ಅಂತ ನಕ್ಕಿದ್ರು, ಈಗ ಅವ್ರೇ ಬಂದು ಹೆಂಗ್ ಮಾಡ್ದೆ ಅಂತ ಕೇಳ್ತಾರೆ.

ಮೊದಲ ತಪ್ಪು ನಂದೇ. ರೇಟು ಅರ್ಧಕ್ಕರ್ಧ ಕಮ್ಮಿ ಇದೆ ಅಂತ ಒಂದು ಲಾಟ್ ತರ್ಸಿದೆ, ಅರವತ್ತರ ಹತ್ರ ಇರ್ಬೇಕು, ಎಲ್ಲದರ ಮೇಲೂ ಬೋರೋಸಿಲಿಕೇಟ್, ಅಂದ್ರೆ ಬಿಸಿ ತಡ್ಕೊಳ್ಳೋ ಲ್ಯಾಬ್ ಗಾಜು, ಅಂತ ಚೆನ್ನಾಗೇ ಪ್ರಿಂಟ್ ಇತ್ತು. ಹಾಟ್‌ಪ್ಲೇಟಿಂದ ಇಳ್ಸಿ ಕಲ್ಲಿನ ಟೇಬಲ್ ಮೇಲಿಟ್ರೆ ಟಕ್ ಅಂತ ಸೀಳು. ಮೂರು ತಿಂಗಳಲ್ಲಿ ಕಾಲು ಭಾಗ ಹೋಯ್ತು, ಉಳಿಸಿದ ದುಡ್ಡಲ್ಲೂ ಒಂದಷ್ಟು ಅದ್ರ ಜೊತೆಗೇ. ನಾವು ಹುಡುಗ್ರನ್ನ ಬೈತಿದ್ವಿ, ಆದ್ರೆ ಲಾಟಲ್ಲಿ ಸೋಡಾ ಗಾಜು, ಅಂದ್ರೆ ಕಿಟಕಿ ಬಾಟಲಿಗೆ ಹಾಕೋ ಮಾಮೂಲಿ ಗಾಜು, ಸೇರ್ಕೊಂಡಿತ್ತು. 3.3 ಗಾಜಿಗಿಂತ (ಲ್ಯಾಬಿನ ಅಸಲಿ ಬೋರೋಸಿಲಿಕೇಟ್‌ಗೆ ಹೇಳೋ ಹೆಸರು) ಅದು ಬಿಸಿಗೆ ಹೆಚ್ಚುಕಮ್ಮಿ ಮೂರು ಪಟ್ಟು ಹಿಗ್ಗುತ್ತೆ, ಪಾಪ ಹುಡುಗ್ರು ಏನ್ ಮಾಡ್ತಾರೆ.

ಅಲ್ಲಿಂದ ಗ್ಲಿಸರಿನ್ ಟೆಸ್ಟ್ ಶುರು ಮಾಡ್ದೆ. ಟ್ರೇಲಿ ಗ್ಲಿಸರಿನ್ ಹಾಕಿ ಬೀಕರಿನ ಮೂತಿ ಅದ್ದೋದು. 3.3 ಆದ್ರೆ ಅದ್ದಿದ ಭಾಗ ಮಾಯ, ಯಾಕಂದ್ರೆ ಎರಡರ ರಿಫ್ರಾಕ್ಟಿವ್ ಇಂಡೆಕ್ಸೂ (ಬೆಳಕನ್ನ ಎಷ್ಟು ಬಾಗಿಸುತ್ತೆ ಅನ್ನೋ ಅಳತೆ) 1.47ರ ಆಸುಪಾಸು. ಸೋಡಾ ಗಾಜು 1.52, ಅಂಚು ಎದ್ದು ಕಾಣುತ್ತೆ. ಇದ್ರಲ್ಲೂ ಒಂದ್ಸಲ ಎಡವಿದೆ. ಗ್ಲಿಸರಿನ್ ಬಾಟಲಿ ಮುಚ್ಚಳ ಸಡಿಲ ಇದ್ದು ತಿಂಗಳುಗಟ್ಟಲೆ ಗಾಳಿಯ ನೀರು ಕುಡ್ಕೊಂಡಿತ್ತು, ಇಂಡೆಕ್ಸ್ ಇಳಿದು ಒಳ್ಳೆ ಗಾಜೂ ಕಾಣೋಕೆ ಶುರುವಾಯ್ತು, ನಾನು ಆವೇಶದಲ್ಲಿ ಅಸಲಿ ಲಾಟನ್ನೇ ವಾಪಸ್ ಕಳ್ಸಿ ಸರಿಯಾಗಿ ಉಗಿಸ್ಕೊಂಡೆ. ಈಗ ಗ್ಯಾರಂಟಿ ಗೊತ್ತಿರೋ ಒಂದು ಬೋರೋಸಿಲಿಕೇಟ್ ಚೂರು ಇಟ್ಕೊಂಡಿದೀನಿ, ಮೊದಲು ಅದು ಮಾಯ ಆಗ್ಬೇಕು, ಆಮೇಲೆ ಮಿಕ್ಕಿದ್ದು.

ಗಾಜು ಸರಿ ಇದ್ರೂ ಒಡೆಯೋದು ಪೂರ್ತಿ ನಿಲ್ಲಲಿಲ್ಲ. ಒಂದಿನ 1 ಲೀಟರ್ ಬೀಕರ್‌ನ ಯಾರೋ ಅಂಚು ಹಿಡ್ದು ಎತ್ತಿದ್ರು, ಗೋಡೆ ಕೈಗೆ ಬಂತು, ತಳ ಪ್ಲೇಟ್ ಮೇಲೇ ಕೂತಿತ್ತು, ಒಳಗಿದ್ದ ಬಿಸಿ ಕಾಸ್ಟಿಕ್ ಸೋಡಾ ನೀರು ಟೇಬಲ್ ತುಂಬಾ. ಗಾಗಲ್ಸ್ ಇತ್ತು, ಬಚಾವ್. ಚೂರುಗಳನ್ನ ನೋಡಿದ್ರೆ ತಳದಲ್ಲಿ ಗಾಜಿನ ಕಡ್ಡಿ ಗೀಚಿದ ಗೀರು, ಪಕ್ಕದಲ್ಲೇ ಸ್ಟರರ್ ಬಾರ್ (ದ್ರವ ಕಲಕೋ ಪುಟ್ಟ ಅಯಸ್ಕಾಂತದ ತುಂಡು) ಧಡ್ ಅಂತ ಹಾಕಿದ ಕಡೆ ನಕ್ಷತ್ರದ ಥರ ಸಣ್ಣ ಬಿರುಕು. ಅವತ್ತಿಂದ ಕಡ್ಡಿ ತುದಿಗೆ ರಬ್ಬರ್, ಬಾರ್‌ನ ಬೀಕರ್ ಓರೆ ಮಾಡಿ ಜಾರಿಸೋದು, ದೊಡ್ಡ ಬೀಕರ್ ಅಂದ್ರೆ ಎರಡು ಕೈ, ಒಂದು ತಳದಲ್ಲಿ. ಬಿಸಿ ಬೀಕರ್ ಒಣ ಬಟ್ಟೆ ಇಲ್ಲಾ ಕಾರ್ಕ್ ಮೇಲೆ ಮಾತ್ರ. ಕಾಸ್ಟಿಕ್ ಬಿಸಿಯಾಗಿ ಬಹಳ ಹೊತ್ತು ಇರ್ಬೇಕಂದ್ರೆ ಗಾಜೇ ಬೇಡ, ತಿಂದ್ಬಿಡುತ್ತೆ. ಹೈಡ್ರೋಫ್ಲೋರಿಕ್ ಆಸಿಡ್ ಅಂತೂ ಗಾಜನ್ನೇ ಕರಗಿಸುತ್ತೆ, ಅದನ್ನ ನಿಮಗೆ ಹೇಳೋ ಅಗತ್ಯ ಇಲ್ಲ ಅನ್ಕೋತೀನಿ. ಬೀಕರಿನ ಗೆರೆ ನಂಬಿ ಸೊಲ್ಯೂಷನ್ ಮಾಡೋರಿಗೂ ಒಂದು ದೊಡ್ಡ ನಮಸ್ಕಾರ, ಅದು 5 ಪರ್ಸೆಂಟ್ ಆಚೆ ಈಚೆ ಇರುತ್ತೆ.

ಮಧ್ಯೆ ಇನ್ನೊಂದು ಹುಚ್ಚು. ಹಳೇ ಎಲ್‌ಸಿಡಿ ಮಾನಿಟರ್‌ಲಿ ಬಿಳಿ ಸ್ಕ್ರೀನ್ ಇಟ್ಟು, ಮುಂದೆ ಪೋಲರಾಯ್ಡ್ ಹಾಳೆ (ಒಂದೇ ದಿಕ್ಕಲ್ಲಿ ಕಂಪಿಸೋ ಬೆಳಕನ್ನಷ್ಟೆ ಬಿಡೋ ಫಿಲ್ಮ್) ಹಿಡ್ದು ಸ್ಕ್ರೀನ್ ಕಪ್ಪಾಗಿ ಕಾಣೋವರೆಗೂ ತಿರುಗಿಸಿ, ನಡುವೆ ಬೀಕರ್ ಇಟ್ಟೆ. ಒಳಗೆ ಸ್ಟ್ರೆಸ್, ಅಂದ್ರೆ ಎಳೆತ, ಉಳ್ದಿರೋ ಗಾಜು ತಳದ ತಿರುವಲ್ಲಿ ಬೆಳ್ಳಗೆ ಹೊಳೆಯುತ್ತೆ. ಹೊಸ ಬಾಕ್ಸಲ್ಲೇ ಅಂಥವು ಎರಡ್ಮೂರು ಸಿಕ್ಕಿದ್ವು! ಮಫಲ್ ಫರ್ನೇಸಲ್ಲಿ (ಲ್ಯಾಬಿನ ಭಾರಿ ಬಿಸಿಯ ಮುಚ್ಚಿದ ಕುಲುಮೆ) 560 ಡಿಗ್ರಿ ಸೆಲ್ಸಿಯಸ್ ಹತ್ರ ಇಟ್ಟು ರಾತ್ರಿಯಿಡೀ ನಿಧಾನಕ್ಕೆ ಆರಿಸಿದೆ, ಹೊಳಪು ಹೋಯ್ತು. ಅದಕ್ಕೂ ಮುಂಚೆ ಫರ್ನೇಸ್ ಮೀಟರ್ ಸುಳ್ಳು ಹೇಳ್ತಿದೆ ಅಂತ ಗೊತ್ತಾಗೋಷ್ಟರಲ್ಲಿ ನಾಲ್ಕು ಬೀಕರ್ ಸೊಟ್ಟಗಾಗಿದ್ವು, ಒಂದ್ರಲ್ಲಿ ಈಗ ಪೆನ್ ಇಡ್ತೀನಿ. ಗೀರು ಬಿದ್ದಿದ್ದನ್ನೂ ಹೀಗೇ ಸರಿ ಮಾಡೋಣ ಅಂತ ಹೋದೆ, ಗೀರು ಹಂಗೇ ಉಳೀತು, ಕರೆಂಟು ದಂಡ.

ಹಾಗಾಗಿ ಗೀರು ಕಂಡ್ರೆ ಬೀಕರ್‌ಗೆ ಕೆಂಪು ಚುಕ್ಕೆ, ಆಮೇಲೆ ಅದು ತಣ್ಣಗಿನ ಕೆಲಸಕ್ಕಷ್ಟೆ. ನಕ್ಷತ್ರದ ಬಿರುಕಾದ್ರೆ ಸೀದಾ ಗಾಜಿನ ಡಬ್ಬಕ್ಕೆ. ಟಾರ್ಚ್ ಅಡ್ಡ ಹಿಡ್ದು ನೋಡ್ತೀನಿ, ಆದ್ರೆ ಯಾವ ಕೋನದಲ್ಲಿ, ಬೀಕರ್ ಒಳಗೆ ಏನು ತುಂಬಿ ನೋಡಿದ್ರೆ ಕೂದಲೆಳೆ ಗೀರೂ ಕಾಣುತ್ತೆ ಅನ್ನೋದು ನನ್ನ ಹತ್ರಾನೇ ಇರ್ಲಿ, ಎರಡು ವರ್ಷ ಕಣ್ಣು ಸವೆಸಿ ಕಂಡ್ಕೊಂಡಿದ್ದು. ಮೊದಲ ತಿಂಗಳು ಕೆಂಪು ಚುಕ್ಕೆ ಬಿದ್ದಿದ್ದು ನಲವತ್ತಕ್ಕೂ ಮೇಲೆ, ಇವನು ಇರೋ ಬೀಕರನ್ನೂ ಖಾಲಿ ಮಾಡ್ತಾನೆ ಅಂದ್ರು.

ಈಗ ಬೀಕರ್ ಬಿಲ್ ಮೂರನೇ ಒಂದು ಭಾಗಕ್ಕೆ ಇಳಿದಿದೆ. ಸ್ಟೋರಿನವರ ಹೊಸ ತಕರಾರು ಏನಂದ್ರೆ, ಗ್ಲಿಸರಿನ್ ಯಾಕ್ರೀ ಇಷ್ಟು ಖರ್ಚಾಗ್ತಿದೆ ಅಂತ.